ಸತ್ತ ಸೆಲ್ಲಿಗೂ ಹಲ್ಲುಂಟು



ಈ ವಾರ ಒಂದು ಒಗಟಿನಿಂದ ಶುರುಮಾಡೋಣ. ನೋಡಲು ರೂಪಾಯಿ ನಾಣ್ಯದಂತೆ ದುಂಡಗೆ ಇರುತ್ತದೆ, ಅಂಗಡಿಗೆ ಒಯ್ದರೆ ಒಂದು ಪೆಪ್ಪರಮಿಂಟೂ ಬರುವುದಿಲ್ಲ. ಎಣ್ಣೆ ಇಲ್ಲ, ಬತ್ತಿ ಇಲ್ಲ, ಆದರೂ ದೀಪ ಹಚ್ಚುತ್ತದೆ. ಅಂಗೈಯಲ್ಲಿ ಇಟ್ಟರೆ ತಣ್ಣಗಿರುತ್ತದೆ, ಗಂಟಲಲ್ಲಿ ಸಿಕ್ಕರೆ ಸುಡುತ್ತದೆ. ಹಾಗಾದರೆ ಅದು ಏನು?

ಉತ್ತರ ಹೇಳಿಬಿಡುತ್ತೇನೆ: ಬಟನ್ ಸೆಲ್ಲು. ಮಿನುಗುವ ಆಟಿಗೆ, ಕಾರಿನ ರಿಮೋಟ್ ಕೀಲಿ, ತೂಕದ ಯಂತ್ರ, ದೀಪಾವಳಿಗೆ ತರುವ ಪ್ಲಾಸ್ಟಿಕ್ ದೀಪ, ಇವುಗಳ ಹೊಟ್ಟೆಯಲ್ಲಿ ಕೂತಿರುವ ಪುಟ್ಟ ಬಿಲ್ಲೆ. ಈ ಬಿಲ್ಲೆ ಹೋದ ದೀಪಾವಳಿಯಲ್ಲಿ ನಮ್ಮ ಮನೆಯನ್ನು ಅರ್ಧ ದಿನ ನಡುಗಿಸಿತು. ತಪ್ಪು ಕೂಸಿನದಲ್ಲ, ಈ ಅಜ್ಜನದು. ಅದಕ್ಕೇ ಬರೆಯುತ್ತಿದ್ದೇನೆ.

ಕಟ್ಟೆಯ ಮೇಲೆ ನಾಲ್ಕು ಬಿಲ್ಲೆ

ಕೊಣ್ಣೂರಿನ ನಮ್ಮ ಮನೆಗೆ ಬೀದಿಯ ಕಡೆಗೊಂದು ಕಟ್ಟೆ ಇದೆ. ದೀಪಾವಳಿಯ ಹಿಂದಿನ ದಿನ ಆರನೇ ಇಯತ್ತೆಯ ನನ್ನ ಮೊಮ್ಮಗ ಹಿಂದಿನ ವರ್ಷದ ಪ್ಲಾಸ್ಟಿಕ್ ದೀಪಗಳನ್ನು ಹರವಿಕೊಂಡು ಕೂತಿದ್ದ. ನಾಲ್ಕು ದೀಪ ಹತ್ತಲಿಲ್ಲ. ಹಳೆಯ ಸೆಲ್ಲು ತೆಗೆದು ಹೊಸದು ಹಾಕಿದ.

“ಅಜ್ಜಾ, ಇವು ನಾಕೂ ಸತ್ತಾವು. ಒಗೀಲೇನು?” ಎಂದ.

“ಒಗೀಬ್ಯಾಡೋ ತಮ್ಮಾ. ಬಿಸಲಾಗ ಇಡು, ಒಂದೀಟು ಜೀವ ಬರತೈತಿ” ಎಂದೆ ನಾನು. ಅವನ ಕೈಯಿಂದ ಇಸಿದುಕೊಂಡು ನಾನೇ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅಲ್ಲಿಯೇ ಕೌದಿ ಹಾಸಿ ಎರಡು ವರ್ಷದ ಮೊಮ್ಮಗಳನ್ನು ಆಡಲು ಬಿಟ್ಟಿದ್ದೆವು.

ತುಸು ಹೊತ್ತಿನ ಮೇಲೆ ಸೊಸೆ ಹೊರಗೆ ಬಂದಳು. “ಮಾವಾರ, ನಾಕು ಇಟ್ಟಿದ್ರೆಲ್ಲ? ಇಲ್ಲಿ ಮೂರ ಅದಾವು!”

ಕೂಸು ನಮ್ಮನ್ನು ನೋಡಿ ನಗುತ್ತಿತ್ತು. ಬಾಯಿ ತೆರೆಸಿ ನೋಡಿದೆವು, ಏನೂ ಇಲ್ಲ. ಅಳುವಿಲ್ಲ, ಕೆಮ್ಮಿಲ್ಲ. ನುಂಗಿದ್ದನ್ನು ಯಾರೂ ನೋಡಿಲ್ಲ. ನುಂಗಿಲ್ಲ ಎಂದು ಹೇಳುವವರೂ ಯಾರೂ ಇಲ್ಲ.

ನಮ್ಮ ಮನೆಯಾಕೆ ಬಾಳೆಹಣ್ಣು ತಂದಳು. ಹಿಂದೆ ಮಗ ಚಿಕ್ಕವನಿದ್ದಾಗ ನಾಣ್ಯ ನುಂಗಿದ್ದ, ಬಾಳೆಹಣ್ಣು ತಿನಿಸಿದ್ದೆವು, ಮರುದಿನ ನಾಣ್ಯ ಹೊರಗೆ ಬಂದಿತ್ತು. ನಾನು ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸೋಣ ಎಂದೆ. ಅಷ್ಟರಲ್ಲಿ ಮಗ ಪರಿಚಯದ ಡಾಕ್ಟರಿಗೆ ಫೋನು ಹಚ್ಚಿದ್ದ. ಅವರು ಹೇಳಿದ್ದು ಇಷ್ಟು: “ಹಣ್ಣೂ ಬ್ಯಾಡ, ಉಪ್ಪಿನ ನೀರೂ ಬ್ಯಾಡ. ನುಂಗೈತೋ ಇಲ್ಲೋ ಅಂತ ಹುಡುಕ್ಕೋತ ಕೂಡಬ್ಯಾಡ್ರಿ. ನುಂಗೈತಿ ಅಂತನ ತಿಳ್ಕೊಂಡು ಈಗಿಂದೀಗ ಎಕ್ಸ್‌ರೇ ಇರೋ ದವಾಖಾನಿಗೆ ಹೊಂಡ್ರಿ. ಹಾದ್ಯಾಗ ಜೇನುತುಪ್ಪ ನೆಕ್ಕಸ್ರಿ.”

ನರಗುಂದಕ್ಕೆ ಹೋದೆವು. ಎಕ್ಸ್‌ರೇ ತೆಗೆದರು. ಗಂಟಲು, ಎದೆ, ಹೊಟ್ಟೆ, ಎಲ್ಲ ಸ್ವಚ್ಛ. ಕೂಸು ಏನನ್ನೂ ನುಂಗಿರಲಿಲ್ಲ. ಸಂಜೆ ಮನೆಗೆ ಬಂದು ನಮ್ಮಾಕೆ ಕೌದಿ ಝಾಡಿಸಿದಾಗ ಕಟ್ಟೆಯ ಮೇಲೆ ‘ಟಣ್’ ಎಂದಿತು. ನಾಲ್ಕನೆಯ ಬಿಲ್ಲೆ ಕೌದಿಯ ಮಡಿಕೆಯಲ್ಲಿ ಕೂತಿತ್ತು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ದಿನ ದವಾಖಾನೆಯ ಬೆಂಚಿನ ಮೇಲೆ ಕೂತಾಗ ನನ್ನ ಮೊಮ್ಮಗ ಕೇಳಿದ ಒಂದು ಪ್ರಶ್ನೆ ತಲೆಯಲ್ಲಿ ಉಳಿದಿತ್ತು: “ಅಜ್ಜಾ, ಸೆಲ್ ಸತ್ತಿತ್ತಲ್ಲ? ಸತ್ತಿದ್ದು ಹೆಂಗ ಸುಡತೈತಿ?”

ಹಳೆ ಸೆಲ್ಲು, ಹೊಸ ಸೆಲ್ಲು

ನನ್ನ ವಯಸ್ಸಿನವರಿಗೆ ಸೆಲ್ಲು ಎಂದರೆ ಟಾರ್ಚಿನ ದಪ್ಪ ಸೆಲ್ಲು. ಟಾರ್ಚಿಗೇ ನಾವು ಬ್ಯಾಟರಿ ಎನ್ನುತ್ತಿದ್ದೆವು. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವರ ಕೈಯಲ್ಲಿ ಎರಡು ಸೆಲ್ಲಿನದೋ ಮೂರು ಸೆಲ್ಲಿನದೋ ಬ್ಯಾಟರಿ ಇರುತ್ತಿತ್ತು. ಬೆಳಕು ಮಂದವಾದರೆ ಸೆಲ್ಲು ತೆಗೆದು ಬಿಸಿಲಿಗೆ ಇಡುತ್ತಿದ್ದೆವು. ಇನ್ನೂ ಮಂದವಾದರೆ ಹಲ್ಲಿನಿಂದ ಕಚ್ಚಿ ನೆಗ್ಗಿಸುತ್ತಿದ್ದೆವು. ಪೂರ್ತಿ ಸತ್ತ ಮೇಲೆ ಕಲ್ಲಿನಿಂದ ಒಡೆದು ಒಳಗಿನ ಕರಿಕಡ್ಡಿ ತೆಗೆದು ಗೋಡೆಯ ಮೇಲೆ ಗೀಚುತ್ತಿದ್ದೆವು. ಅಜ್ಜಂದಿರೇ, ನಿಮಗೂ ನೆನಪಿರಬೇಕು!

ಆ ಸೆಲ್ಲಿನ ಹೊರಗಿನ ಡಬ್ಬಿ ಸತು, ನಡುವಿನ ಕಡ್ಡಿ ಇಂಗಾಲ, ಶಕ್ತಿ ಒಂದೂವರೆ ವೋಲ್ಟ್. ಅದು ಕೆಟ್ಟರೆ ಸೋರಿ ಟಾರ್ಚನ್ನು ಹಾಳುಮಾಡುತ್ತಿತ್ತು. ಅದನ್ನು ಕಚ್ಚಿದ್ದೂ ಒಡೆದದ್ದೂ ಆಗಲೂ ಜಾಣತನವಲ್ಲ. ಆದರೂ ಅದರ ದಪ್ಪಕ್ಕೆ ಯಾವ ಕೂಸೂ ಅದನ್ನು ನುಂಗಲು ಆಗುತ್ತಿರಲಿಲ್ಲ.

ಹೊಸ ಬಿಲ್ಲೆಯ ಒಳಗಿರುವುದು ಲೀಥಿಯಂ. ಎಲ್ಲ ಲೋಹಗಳಿಗಿಂತ ಹಗುರ, ನೀರಿನ ಅರ್ಧದಷ್ಟೇ ತೂಕ. 1817ರಲ್ಲಿ ಸ್ವೀಡನ್ ದೇಶದಲ್ಲಿ ಒಂದು ಬಗೆಯ ಕಲ್ಲಿನಲ್ಲಿ ಇದು ಇರುವುದು ಗೊತ್ತಾಯಿತು. ಗ್ರೀಕ್ ಭಾಷೆಯಲ್ಲಿ ಕಲ್ಲಿಗೆ ‘ಲಿಥೋಸ್’ ಎನ್ನುತ್ತಾರೆ, ಅದರಿಂದ ಲೀಥಿಯಂ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದ ಕಲ್ಲಿನಲ್ಲಿಯೂ ಲೀಥಿಯಂ ಇರುವುದನ್ನು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯದವರು ಪತ್ತೆಮಾಡಿದ್ದಾರೆ.

ಈ ಬಿಲ್ಲೆಯ ಮೇಲೆ ಸಾಮಾನ್ಯವಾಗಿ ‘ಸಿಆರ್ 2032’ ಎಂದು ಕೊರೆದಿರುತ್ತದೆ. ಮಕ್ಕಳೇ, ಈ ಸಂಖ್ಯೆಯಲ್ಲೊಂದು ಗುಟ್ಟಿದೆ. ಮೊದಲ ಎರಡು ಅಂಕಿ ಅಗಲ, ಅಂದರೆ 20 ಮಿಲಿಮೀಟರ್. ಉಳಿದೆರಡು ದಪ್ಪ, ಅಂದರೆ 3.2 ಮಿಲಿಮೀಟರ್. ಈ 20 ಮಿಲಿಮೀಟರ್ ಅಗಲವೇ ಅಪಾಯದ್ದು. ಸಣ್ಣ ಕೂಸಿನ ಅನ್ನನಾಳದಲ್ಲಿ ಅದು ಕೆಳಗೂ ಇಳಿಯದೆ, ಮೇಲಕ್ಕೂ ಬಾರದೆ ಸಿಕ್ಕಿಕೊಳ್ಳಬಹುದು. ಇನ್ನು ಅದರ ಶಕ್ತಿ ಟಾರ್ಚ್ ಸೆಲ್ಲಿನ ಎರಡರಷ್ಟು, 3 ವೋಲ್ಟ್.

ಎರಡು ತಾಸಿನ ಲೆಕ್ಕ

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಅಜ್ಜಿಯ ಎಲೆ ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿ ಇರುತ್ತದಲ್ಲ? ಎಲೆಗೆ ಸುಣ್ಣ ತುಸು ಹೆಚ್ಚಾದರೆ ನಾಲಿಗೆ ಸುಡುತ್ತದೆ. ಅದಕ್ಕೆ ಬೆಂಕಿ ಬೇಕಿಲ್ಲ. ಸುಣ್ಣ ಒಂದು ಕ್ಷಾರ, ಹಸಿ ಮಾಂಸವನ್ನು ತಿನ್ನುವುದು ಕ್ಷಾರದ ಗುಣ. ಆರತಿಯ ನೀರಿಗೆ ಅರಿಶಿಣ ಹಾಕಿ ಸುಣ್ಣ ಬೆರೆಸಿದರೆ ಕೆಂಪಾಗುವುದು ಈ ಕ್ಷಾರದ ಕಾರಣದಿಂದಲೇ.

ಬಟನ್ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡಾಗ ಅದರ ಎರಡೂ ಮೈಗೆ ಜೊಲ್ಲಿನ ತೇವ ತಾಗುತ್ತದೆ. ತೇವದ ಮೂಲಕ ವಿದ್ಯುತ್ತು ಹರಿಯತೊಡಗುತ್ತದೆ. ಆ ವಿದ್ಯುತ್ತು ನೀರನ್ನು ಒಡೆದು, ಸೆಲ್ಲಿನ ಋಣ ತುದಿಯ ಕಡೆಗೆ ತೀಕ್ಷ್ಣವಾದ ಕ್ಷಾರವನ್ನು ಅಲ್ಲಿಯೇ ತಯಾರಿಸುತ್ತದೆ. ಸೆಲ್ಲು ಒಡೆಯಬೇಕಾಗಿಲ್ಲ, ಸೋರಬೇಕಾಗಿಲ್ಲ. ಅಜ್ಜಿ ಬೆರಳ ತುದಿಯಲ್ಲಿ ಹಚ್ಚುವ ಸುಣ್ಣಕ್ಕಿಂತ ಎಷ್ಟೋ ಪಾಲು ಉರಿಯುವ ಕ್ಷಾರ, ಒಂದೇ ಜಾಗದಲ್ಲಿ, ನಿಲ್ಲದೆ ಹುಟ್ಟುತ್ತಲೇ ಇರುತ್ತದೆ. ಎರಡು ತಾಸಿನೊಳಗೆ ಅನ್ನನಾಳಕ್ಕೆ ಆಳವಾದ ಗಾಯ ಆಗಬಹುದು. ಸೆಲ್ಲನ್ನು ಹೊರತೆಗೆದ ಮೇಲೂ ಆ ಗಾಯ ಬಹಳ ದಿನ ಕಾಡಬಹುದು. ಪಕ್ಕದ ಉಸಿರುನಾಳಕ್ಕೋ ದೊಡ್ಡ ರಕ್ತನಾಳಕ್ಕೋ ತೂತು ಬಿದ್ದರೆ ಜೀವಕ್ಕೇ ಅಪಾಯ.

ನೀರನ್ನು ಒಡೆಯಲು ಸುಮಾರು ಒಂದೂಕಾಲು ವೋಲ್ಟ್ ಸಾಕು. ಆಟಿಗೆಯ ದೀಪ ಹತ್ತಲು ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ ದೀಪ ಹತ್ತದಿದ್ದಾಗ ನಾವು ಸೆಲ್ಲು ಸತ್ತಿತು ಎನ್ನುತ್ತೇವೆ, ಆದರೆ ಗಂಟಲು ಸುಡುವಷ್ಟು ಕಸುವು ಅದರಲ್ಲಿ ಇನ್ನೂ ಉಳಿದಿರುತ್ತದೆ. ಸತ್ತ ಸೆಲ್ಲಿಗೂ ಹಲ್ಲುಂಟು ಎಂದದ್ದು ಇದಕ್ಕೇ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಕೂಸಿನ ಗಂಟಲಿಗೆ ಕೊಳವೆ ಇಳಿಸಿ ಸೆಲ್ಲು ತೆಗೆಯುವ ಸೌಕರ್ಯ ದೊಡ್ಡ ದವಾಖಾನೆಗಳಲ್ಲಿ ಮಾತ್ರ ಇರುತ್ತದೆ. ನಮ್ಮೂರಿನವರಿಗೆ ಅದು ಹುಬ್ಬಳ್ಳಿಯೋ ಗದಗವೋ. ಕೊಣ್ಣೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ತಾಸು. ಸೆಲ್ಲು ತನ್ನ ಕೆಲಸ ಮಾಡಲು ತೆಗೆದುಕೊಳ್ಳುವುದೂ ಎರಡೇ ತಾಸು. ‘ಸಂಜೆತನಕ ನೋಡೋಣ’ ಎನ್ನಲು ಹಳ್ಳಿಯವರಾದ ನಮಗೆ ಹೊತ್ತೇ ಇಲ್ಲ.

ನುಂಗಿದ ಸಂಶಯ ಬಂದರೆ

ಇದನ್ನು ದೊಡ್ಡವರು ಎರಡು ಸಲ ಓದಿರಿ.

ಅಳು, ನೋವು ಏನೂ ಇಲ್ಲದಿದ್ದರೂ ಹೊರಡಿರಿ. ಕೆಲವು ಮಕ್ಕಳಲ್ಲಿ ಜೊಲ್ಲು ಸುರಿಯುವುದು, ಕೆಮ್ಮು, ಊಟ ಬೇಡವೆನ್ನುವುದು, ಎದೆ ಹಿಡಿದುಕೊಳ್ಳುವುದು, ಉಸಿರಿನಲ್ಲಿ ಸಪ್ಪಳ ಕಾಣಿಸುತ್ತವೆ. ಕೆಲವರಲ್ಲಿ ಮೊದಲಿಗೆ ಏನೂ ಕಾಣಿಸುವುದಿಲ್ಲ.

ವಾಂತಿ ಮಾಡಿಸಬೇಡಿ. ಅನ್ನ, ಹಣ್ಣು, ಹಾಲು, ನೀರು ಕೊಡಬೇಡಿ.

ಕೂಸಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ತಾಸಿನೊಳಗೆ ಆಗಿದ್ದು, ಅದು ಸರಿಯಾಗಿ ನುಂಗಬಲ್ಲದಾದರೆ, ದವಾಖಾನೆಯ ಹಾದಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಸಣ್ಣ ಚಮಚ ಜೇನುತುಪ್ಪ ಕೊಡಬಹುದು, ಒಟ್ಟು ಆರು ಸಲದವರೆಗೆ. ಜೇನು ಸೆಲ್ಲಿಗೂ ಮಾಂಸಕ್ಕೂ ನಡುವೆ ಲೇಪವಾಗಿ ನಿಂತು ಕ್ಷಾರದ ಉರಿಯನ್ನು ತುಸು ತಗ್ಗಿಸುತ್ತದೆ. ಅದು ಮದ್ದಲ್ಲ, ಹಾದಿ ಸವೆಸಲು ಸಿಗುವ ಒಂದಿಷ್ಟು ಹೊತ್ತು ಮಾತ್ರ. ಮನೆಯಲ್ಲಿ ಜೇನು ಇಲ್ಲದಿದ್ದರೆ ಹುಡುಕುತ್ತಾ ತಡಮಾಡಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು.

ದವಾಖಾನೆಯಲ್ಲಿ ಮೊದಲ ಮಾತೇ “ಬ್ಯಾಟರಿ ಸೆಲ್ಲು ನುಂಗಿರಬಹುದು” ಎಂದಾಗಿರಲಿ. ಎಕ್ಸ್‌ರೇಯಲ್ಲಿ ನಾಣ್ಯವೂ ಸೆಲ್ಲೂ ದುಂಡಗೇ ಕಾಣುತ್ತವೆ. ಸೆಲ್ಲಿನ ಅಂಚಿನಲ್ಲಿ ಜೋಡಿ ಬಳೆಯಂತೆ ಎರಡು ಗೆರೆ ಇರುತ್ತವೆ, ಡಾಕ್ಟರು ಅದನ್ನೇ ಹುಡುಕುತ್ತಾರೆ. ಅಂಥದೇ ಇನ್ನೊಂದು ಸೆಲ್ಲೋ ಅದರ ಚೀಟಿಯೋ ಇದ್ದರೆ ಜೊತೆಗೆ ಒಯ್ಯಿರಿ.

ಮೂಗಿನಲ್ಲೋ ಕಿವಿಯಲ್ಲೋ ಸೆಲ್ಲು ತುರುಕಿಕೊಂಡಿದ್ದರೂ ಇಷ್ಟೇ ಅವಸರ. ನಮ್ಮ ಕಡೆ ಕಿವಿಗೆ ಏನು ಹೋದರೂ ಎಣ್ಣೆ ಬಿಡುವ ರೂಢಿ ಇದೆ. ಈ ವಿಷಯದಲ್ಲಿ ಅದು ಬೇಡ, ಯಾವ ಹನಿಯೂ ಬೇಡ.

ಆಂಬುಲೆನ್ಸಿಗೆ 108. ದಿಲ್ಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಫೋನು 1800 116 117. ಫೋನಿನಲ್ಲಿ ಮಾತಾಡುತ್ತಲೇ ಹಾದಿ ಹಿಡಿಯಿರಿ.

ಅಜ್ಜ ಅಜ್ಜಿಯರಿಗೆ ಇನ್ನೊಂದು ಮಾತು. ಕಿವಿಯ ಯಂತ್ರದ ಸೆಲ್ಲುಗಳು ಬೇರೆ ಜಾತಿಯವು, ಇನ್ನೂ ಸಣ್ಣವು. ಗುಳಿಗೆಯ ಪಕ್ಕ ಇಟ್ಟು, ಚಾಳೀಸು ಇಲ್ಲದ ಕಣ್ಣಿಗೆ ಗುಳಿಗೆಯಂತೆ ಕಂಡು ನುಂಗಿದ ವೃದ್ಧರು ಇದ್ದಾರೆ. ಗುಳಿಗೆಯ ಡಬ್ಬಿ ಒಂದು ಕಡೆ, ಸೆಲ್ಲು ಇನ್ನೊಂದು ಕಡೆ ಇರಲಿ. ಸೆಲ್ಲಿನಲ್ಲಿ ಕಸುವು ಇದೆಯೋ ಎಂದು ನಾಲಿಗೆಗೆ ಹಚ್ಚಿ ನೋಡುವುದನ್ನೂ ಬಿಟ್ಟುಬಿಡಿ. ಮೊಮ್ಮಕ್ಕಳು ನಾವು ಹೇಳಿದ್ದನ್ನಲ್ಲ, ಮಾಡಿದ್ದನ್ನು ಕಲಿಯುತ್ತಾರೆ.

ಅಮೆರಿಕದಲ್ಲಿ ರೀಸ್ ಎಂಬ ಒಂದೂವರೆ ವರ್ಷದ ಕೂಸು ಇಂಥ ಸೆಲ್ಲು ನುಂಗಿ 2020ರಲ್ಲಿ ತೀರಿಕೊಂಡಿತು. ತಾಯಿ ಅಳುತ್ತಾ ಕೂಡಲಿಲ್ಲ, ಊರೂರಿಗೆ ಈ ವಿಷಯ ತಿಳಿಸುತ್ತಾ ತಿರುಗಿದಳು. 2022ರಲ್ಲಿ ಆ ಕೂಸಿನ ಹೆಸರಿನಲ್ಲೇ ಅಲ್ಲಿ ಕಾಯ್ದೆ ಬಂತು. ಬಟನ್ ಸೆಲ್ಲಿನ ಮನೆಯ ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಬಾರದು ಎಂಬುದು ಅದರ ಮುಖ್ಯ ಮಾತು. ನಾವು ಜಾತ್ರೆಯಲ್ಲಿ ಮಿನುಗುವ ಆಟಿಗೆ ಕೊಳ್ಳುವಾಗ ಇದನ್ನೇ ನೋಡಬೇಕು. ಮುಚ್ಚಳಕ್ಕೆ ಸ್ಕ್ರೂ ಇದೆಯೇ? ಇದ್ದರೆ ಕೊಳ್ಳಿ. ಉಗುರಿನಿಂದ ಎಬ್ಬಿಸಿದರೆ ತೆರೆಯುವುದಾದರೆ ಸಣ್ಣ ಕೂಸಿರುವ ಮನೆಗೆ ಅದು ಬೇಡ.

ಫೋನಿನ ಬ್ಯಾಟರಿ: ಅದೇ ಮನೆತನದ ದೊಡ್ಡಣ್ಣ

ಫೋನು, ಪವರ್ ಬ್ಯಾಂಕು, ಬ್ಯಾಟರಿ ಸ್ಕೂಟರ್, ಇವುಗಳಲ್ಲಿರುವುದೂ ಲೀಥಿಯಂ ಬ್ಯಾಟರಿಯೇ. ಆದರೆ ಇದು ಮತ್ತೆ ಮತ್ತೆ ಚಾರ್ಜ್ ಆಗುವ ಬಗೆ, ಹೆಸರು ಲೀಥಿಯಂ ಅಯಾನ್. ಇದಕ್ಕೆ ದಾರಿ ಹಾಕಿಕೊಟ್ಟ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ! ಅಷ್ಟು ವಯಸ್ಸಿಗೆ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ. ಅಜ್ಜಂದಿರೇ, ನಮಗಿನ್ನೂ ಹೊತ್ತಿದೆ.

ಈ ಬ್ಯಾಟರಿಯ ಒಳಗೆ ಎರಡು ತೆಳ್ಳನೆಯ ಹಾಳೆಗಳನ್ನು, ನಡುವೆ ಇನ್ನೂ ತೆಳ್ಳನೆಯ ಒಂದು ಪರದೆ ಇಟ್ಟು, ಚಾಪೆಯಂತೆ ಸುರುಳಿ ಸುತ್ತಿಯೋ ಮಡಿಸಿಯೋ ತುಂಬಿರುತ್ತಾರೆ. ಸುತ್ತ ಬೇಗ ಹೊತ್ತಿಕೊಳ್ಳುವ ಒಂದು ದ್ರವ ಇರುತ್ತದೆ. ಪರದೆ ಗಟ್ಟಿಯಾಗಿರುವತನಕ ಎಲ್ಲ ಚೆನ್ನ. ಬಿದ್ದು ನೆಗ್ಗಿದರೆ, ಮೊಳೆ ಚುಚ್ಚಿದರೆ, ಹೊಂದದ ಚಾರ್ಜರಿನಿಂದ ಅತಿಯಾಗಿ ಕಾದರೆ ಪರದೆ ಹರಿಯುತ್ತದೆ. ಎರಡು ಹಾಳೆ ಒಂದಕ್ಕೊಂದು ತಾಗಿ ಕಾವು ಹುಟ್ಟುತ್ತದೆ, ಆ ಕಾವು ಇನ್ನಷ್ಟು ಕಾವನ್ನು ಹುಟ್ಟಿಸುತ್ತದೆ. ಬಣವೆಯ ಒಂದು ಮೂಲೆಗೆ ಕಿಡಿ ಬಿದ್ದಂತೆ, ಶುರುವಾದ ಮೇಲೆ ತಡೆಯುವುದು ಕಷ್ಟ.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಉರಿಯುವ ಲೀಥಿಯಂ ಬ್ಯಾಟರಿಯ ಹೊಗೆಯಲ್ಲಿ ವಿಷದ ಅನಿಲಗಳಿರುತ್ತವೆ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಬ್ಯಾಟರಿ ಸ್ಕೂಟರ್ ಮಳಿಗೆಗೆ ಬೆಂಕಿ ಬಿತ್ತು. ಮೇಲಿನ ಅಂತಸ್ತಿನಲ್ಲಿ ವಸತಿಗೃಹ ಇತ್ತು. ಎಂಟು ಜನ ತೀರಿಕೊಂಡರು, ಹೆಚ್ಚಿನವರು ಹೊಗೆಯಿಂದ. 2024ರ ನವೆಂಬರ್ 19ರಂದು ಬೆಂಗಳೂರಿನ ರಾಜಾಜಿನಗರದಲ್ಲಿ ಇಂಥದೇ ಒಂದು ಮಳಿಗೆ ಸುಟ್ಟಿತು. ಒಳಗೆ ಕೆಲಸದಲ್ಲಿದ್ದ ಯುವತಿಯೊಬ್ಬಳಿಗೆ ಹೊರಬರಲು ಆಗಲಿಲ್ಲ. ಎರಡೂ ಕಡೆ ಕಲಿಯಬೇಕಾದ ಪಾಠ ಒಂದೇ: ಬ್ಯಾಟರಿ ಇರುವ ಜಾಗ ಹೊರಗೆ ಹೋಗುವ ಹಾದಿಯಾಗಬಾರದು.

ನಮ್ಮ ಕಡೆಯ ಹಳೆಯ ಮನೆಗಳಿಗೆ ಬಾಗಿಲು ಒಂದೇ. ಸ್ಕೂಟರನ್ನು ಆ ಬಾಗಿಲ ಒಳಗೇ ನಿಲ್ಲಿಸಿ, ಅಲ್ಲೇ ಚಾರ್ಜಿಗೆ ಹಚ್ಚಿ, ಎಲ್ಲರೂ ಒಳಗೆ ಮಲಗುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿಯಾಡುವ ಹೊರಗಿನ ನೆರಳಿನಲ್ಲಿ, ಹಗಲು, ಮನೆಯವರು ಎಚ್ಚರವಿರುವಾಗ ಚಾರ್ಜ್ ಮಾಡಿ. ಮೇವು, ಹೊಟ್ಟು, ಬಣವೆಯ ಹತ್ತಿರ ಬೇಡ. ಬಿಸಿಲಲ್ಲಿ ಓಡಿಸಿ ತಂದ ಗಾಡಿ ಆರಿದ ಮೇಲೆ ಚಾರ್ಜ್ ಹಚ್ಚಿ.

ಫೋನಿಗೂ ಇದೇ ಮಾತು. ದಿಂಬಿನ ಕೆಳಗೆ, ಕೌದಿಯ ಒಳಗೆ ಇಟ್ಟು ಚಾರ್ಜ್ ಮಾಡಿದರೆ ಅದರ ಕಾವು ಹೊರಹೋಗುವುದಿಲ್ಲ. ಚೈತ್ರ ವೈಶಾಖದ ಬಿಸಿಲಲ್ಲಿ ಟ್ರ್ಯಾಕ್ಟರಿನ ಮುಂದೆ ಫೋನು ಇಟ್ಟು ಮರೆಯಬೇಡಿ. ಚಾರ್ಜಿಗೆ ಹಚ್ಚಿದ ಫೋನಿನಲ್ಲಿ ಆಟ ಆಡಬೇಡಿ, ಮಕ್ಕಳೇ. ಪವರ್ ಬ್ಯಾಂಕು ಕೊಳ್ಳುವಾಗ ಅದರ ಮೇಲೆ ಭಾರತೀಯ ಮಾನಕದ ಗುರುತು ಇದೆಯೇ ನೋಡಿ.

ಬ್ಯಾಟರಿ ಹಪ್ಪಳದಂತೆ ಉಬ್ಬಿದರೆ, ಫೋನಿನ ಬೆನ್ನು ಎದ್ದುನಿಂತರೆ, ಸಿಹಿಯಾದ ಇಲ್ಲವೇ ಘಾಟಿನ ವಾಸನೆ ಬಂದರೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ. ಮನೆಯಿಂದ ಹೊರಗೆ, ಕಲ್ಲಿನ ಮೇಲೋ ಬರಿ ನೆಲದ ಮೇಲೋ ಇಟ್ಟು, ದುರಸ್ತಿಯವರನ್ನು ಕೇಳಿ. ಹೊಗೆ ಬರತೊಡಗಿದರೆ ಮುಟ್ಟಬೇಡಿ. ಸುಲಭವಾಗಿ ಕೈಗೆ ಸಿಕ್ಕರೆ ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 101ಕ್ಕೋ 112ಕ್ಕೋ ಫೋನು ಮಾಡಿ. ಆರಿತು ಎಂದುಕೊಂಡ ಬ್ಯಾಟರಿ ತಾಸುಗಳ ಮೇಲೆ ಮತ್ತೆ ಹೊತ್ತಿಕೊಂಡದ್ದುಂಟು. ಸಾಮಾನು ತರಲು ಒಳಗೆ ಹೋಗಬೇಡಿ.

ಹೊಳೆ ಬಂದಾಗ

2019ರ ಆಗಸ್ಟ್ ತಿಂಗಳನ್ನು ನಮ್ಮೂರಿನವರು ಮರೆಯುವಂತಿಲ್ಲ. ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ಊರೊಳಗೆ ಬಂದಳು. ಸೇತುವೆಯ ಮೇಲೆ ನೀರು, ಹುಬ್ಬಳ್ಳಿ ವಿಜಯಪುರದ ರಸ್ತೆ ಬಂದ್. ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋದವರಿಗೆ ಆ ದಿನಗಳಲ್ಲಿ ಬಂಧುಗಳ ಸುದ್ದಿ ತಿಳಿದದ್ದು ಫೋನಿನಿಂದಲೇ. ಬ್ಯಾಟರಿಯ ಉಪಕಾರವನ್ನು ನಾವು ಮರೆಯಬಾರದು.

ಆದರೆ ನೀರಲ್ಲಿ ಮುಳುಗಿದ ಬ್ಯಾಟರಿಯ ಕತೆ ಬೇರೆ. ಒಳಗೆ ಸೇರಿದ ನೀರು, ಕೆಸರು ನಿಧಾನವಾಗಿ ತಂತಿಗಳನ್ನು ತಿನ್ನುತ್ತವೆ, ಒಂದಕ್ಕೊಂದು ತಾಗಿಸುತ್ತವೆ. ಆ ದಿನ ಸುಮ್ಮನಿದ್ದದ್ದು ಎಷ್ಟೋ ದಿನಗಳ ಮೇಲೆ ಕಾಯಬಹುದು. ತೊಯ್ದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹೂತರೆ ಒಣಗುತ್ತದೆ ಎಂಬುದು ಹುಸಿ ನಂಬಿಕೆ. ಬಿಸಿಲಿಗೂ ಒಲೆಯ ಕಾವಿಗೂ ಇಡಬೇಡಿ. ಆರಿಸಿ ಇಡಿ, ಚಾರ್ಜಿಗೆ ಹಚ್ಚಬೇಡಿ, ಬಲ್ಲವರಿಗೆ ತೋರಿಸಿ. ಮುಳುಗಿದ ಸ್ಕೂಟರನ್ನು ಮನೆಯಿಂದಲೂ ಬಣವೆಯಿಂದಲೂ ದೂರ ನಿಲ್ಲಿಸಿ, ಮಾರಿದವರನ್ನು ಕರೆಸಿ. ಮಳೆಗಾಲದಲ್ಲಿ ನಮ್ಮಂಥ ಹೊಳೆದಂಡೆಯ ಊರಿನವರು ಇದನ್ನು ನೆನಪಿಡಲೇಬೇಕು.

ತಿಪ್ಪೆಗೂ ಬೇಡ, ಒಲೆಗೂ ಬೇಡ

ಸತ್ತ ಸೆಲ್ಲನ್ನು ಎಲ್ಲಿ ಹಾಕುವುದು? ಕಸದ ಜೊತೆ ಸುಟ್ಟರೆ ಸಿಡಿಯುತ್ತದೆ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಎರೆಹೊಲಕ್ಕೆ ಹೋಗಿ ಮಣ್ಣಿಗೆ ಬೇಡದ ಲೋಹ ಸೇರುತ್ತದೆ. ಕಸದ ಗಾಡಿಯಲ್ಲಿ ಬೇರೆ ಲೋಹಕ್ಕೆ ತಾಗಿ ಕಿಡಿ ಹಾರಬಹುದು.

ಬಟನ್ ಸೆಲ್ಲಿನ ಎರಡೂ ಮೈಗೆ ಟೇಪು ಸುತ್ತಿ. ಅಷ್ಟರಿಂದ ವಿದ್ಯುತ್ತು ಹರಿಯುವ ಹಾದಿ ಕಟ್ಟಾಗುತ್ತದೆ. ಒಣಗಿದ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಎತ್ತರದಲ್ಲಿ ಇಡಿ. ಕೇಂದ್ರ ಸರ್ಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿಯಮಗಳನ್ನು ಹೊರಡಿಸಿದೆ. ಅದರ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿ ಮಾರುವವರದು. ಬೇರೆ ಕಸಕ್ಕೆ ಬೆರೆಸದೆ ಕೊಡುವ ಹೊಣೆ ನಮ್ಮದು. ನರಗುಂದಕ್ಕೋ ಹುಬ್ಬಳ್ಳಿಗೋ ಹೋಗುವಾಗ ಡಬ್ಬಿ ಒಯ್ದು, ಫೋನಿನ ಅಂಗಡಿಯಲ್ಲಿ “ಹಳೆ ಬ್ಯಾಟರಿ ತಗೋತೀರೇನ್ರಿ?” ಎಂದು ಕೇಳಿ. ಒಂದು ಅಂಗಡಿಯವರು ಇಲ್ಲ ಎಂದರೆ ಇನ್ನೊಂದು ಅಂಗಡಿಯಲ್ಲಿ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವರೇ ಡಬ್ಬಿ ಇಟ್ಟಿರುತ್ತಾರೆ.

ಈ ವಾರದ ಕೆಲಸ

ಮಕ್ಕಳೇ, ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಜೊತೆ ಮಾಡಿಕೊಂಡು ಮನೆಯಲ್ಲಿ ಸೆಲ್ಲು ಎಲ್ಲೆಲ್ಲಿ ಇವೆ ಎಂದು ಪಟ್ಟಿ ಮಾಡಿ. ರಿಮೋಟು, ಕೈಗಡಿಯಾರ, ಆಟಿಗೆ, ಕೀಲಿ, ತೂಕದ ಯಂತ್ರ, ಹಾಡುವ ಶುಭಾಶಯ ಪತ್ರ, ಯಾವುದನ್ನೂ ಬಿಡಬೇಡಿ. ಪ್ರತಿಯೊಂದರ ಮುಂದೆ ಮೂರು ಮಾತು ಬರೆಯಿರಿ: ಬಟನ್ ಸೆಲ್ಲೇ, ಉದ್ದ ಸೆಲ್ಲೇ? ಮುಚ್ಚಳಕ್ಕೆ ಸ್ಕ್ರೂ ಇದೆಯೇ? ಸಣ್ಣ ಕೂಸಿನ ಕೈಗೆ ಎಟುಕುತ್ತದೆಯೇ? ನೀವು ನೋಡಿ ಬರೆಯಿರಿ ಅಷ್ಟೇ, ತೆರೆಯುವ ಕೆಲಸ ದೊಡ್ಡವರದು. ಚಕ್ರವಿರುವ ಕಸದ ಡಬ್ಬಿಯ ಮೇಲೆ ಕತ್ತರಿ ಗುರುತು ಹಾಕಿದ ಚಿತ್ರ ಎಲ್ಲಾದರೂ ಕಾಣುತ್ತದೆಯೇ ಹುಡುಕಿ. ‘ಇದನ್ನು ಕಸಕ್ಕೆ ಹಾಕಬೇಡಿ’ ಎಂದು ಅದರ ಅರ್ಥ.

ಇನ್ನೊಂದು ಪ್ರಯೋಗ: ಅಜ್ಜಿಯ ಹತ್ತಿರ ಚಿಟಿಕೆ ಅರಿಶಿಣ ಕೇಳಿ ನೀರಿನಲ್ಲಿ ಕದಡಿ. ಅಜ್ಜಿಯ ಕೈಯಿಂದಲೇ ಚೂರು ಸುಣ್ಣ ಹಾಕಿಸಿ. ಹಳದಿ ಕೆಂಪಾಗುವಾಗ ನೆನಪಿಸಿಕೊಳ್ಳಿ, ಸತ್ತ ಬಿಲ್ಲೆ ಗಂಟಲಲ್ಲಿ ಹುಟ್ಟಿಸುವುದು ಸುಣ್ಣಕ್ಕಿಂತ ಖಾರವಾದ ಇಂಥದೇ ಕ್ಷಾರ. ಸೆಲ್ಲಿನ ಮೇಲೆ ಮಾತ್ರ ಯಾವ ಪ್ರಯೋಗವೂ ಬೇಡ.

ನಮ್ಮ ಮನೆಯ ಅಟ್ಟದ ಮೇಲೆ ಈಗ ಒಂದು ಹಳೆ ಡಬ್ಬಿ ಇದೆ. ಅದರ ಮೇಲೆ ಮೊಮ್ಮಗ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾನೆ: ‘ಸತ್ತಿಲ್ಲ. ಮುಟ್ಟಬೇಡಿ. ಅಜ್ಜನೂ ಮುಟ್ಟಬಾರದು.’ ಟೇಪು ಸುತ್ತಿದ ಆ ನಾಲ್ಕು ಬಿಲ್ಲೆಗಳು ಅದರಲ್ಲಿವೆ. ನನ್ನ ಮೊಮ್ಮಗಳು ಕಟ್ಟೆಯ ಮೇಲೆ ಆಡುತ್ತಿದ್ದಾಳೆ. ಬಿಸಿಲಿಗೆ ಈಗ ಶಾವಿಗೆ ಮಾತ್ರ ಹರವಿದ್ದೇವೆ.

ಮುಂದಿನ ವಾರ ಮತ್ತೆ ಸಿಗೋಣ.

ನಿಮ್ಮ ಕೊಣ್ಣೂರಿನ ಅಜ್ಜ